ಸುವರ್ಣಗಿರಿ
ಮೌರ್ಯ ಸಾಮ್ರಾಜ್ಯದ ದಕ್ಷಿಣ ಪ್ರಾಂತದ ರಾಜಧಾನಿ, ಕ್ರಿ.ಪೂ. 3ನೆಯ ಶತಮಾನ. ರೋಮ್, ಅಥೆನ್ಸ್‌ಗಳಿಗೆ ಹೋದವರಿಗೆ ಹಳೆಯ ರಾಜಧಾನಿ ಕಣ್ಣೆದುರೇ ಸಿಗುತ್ತದೆ. ಸುವರ್ಣಗಿರಿ ಎಲ್ಲಿತ್ತು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳ ಜಿಲ್ಲೆಯ ಕನಕಗಿರಿ, ಆಂಧ್ರದ ಎರ್ರಗುಡಿ ಸಮೀಪದ ಜೊನ್ನಗಿರಿ ಇವುಗಳ ಹೆಸರುಗಳು ವಿದ್ವಾಂಸರ ಚರ್ಚೆಯಲ್ಲಿವೆ.

1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿ ಶಾಸನದಲ್ಲಿ ಈ ಊರಿನ ಹೆಸರಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲ ಎಂಬಲ್ಲಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯದು. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವ ಅದರ ಧಾಟಿ ಇಂದಿನ ಸರಕಾರಿ ಸುತ್ತೋಲೆಗಳಲ್ಲಿ ಕಾಣಸಿಗದು.

ಮಸ್ಕಿ ಚರ್ಚೆಗೆ ಬಂದದ್ದು ಚಿನ್ನದಿಂದಲೇ. ಆಗ ನಿಜಾಮರ ಸೀಮೆಯಾಗಿದ್ದ ಲಿಂಗಸುಗೂರು ಭಾಗದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಬ್ರಾಹ್ಮಿ ಬರಹ ಕಂಡರು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವನೇ ಅಶೋಕ ಎಂದು 1837ರಿಂದ ಹೇಳುತ್ತಿದ್ದುದಕ್ಕೆ ಸಿಂಹಳದ ಬೌದ್ಧ ವೃತ್ತಾಂತಗಳೇ ಮುಖ್ಯ ಆಧಾರ. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಕಲ್ಲು ಆ ಮಾತಿಗೆ ಮುದ್ರೆಯೊತ್ತಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಮಧ್ಯಪ್ರದೇಶದ ಗುಜರ್ರಾದಲ್ಲೂ ಅಶೋಕನ ಹೆಸರು ಸಿಕ್ಕಿತು.

ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯಲ್ಲಿ ಸುಮಾರು 2000 ವರ್ಷದ ಹಿಂದಿನವರೂ ಚಿನ್ನ ತೆಗೆದ ಗುರುತುಗಳಿವೆ. ಹಾಗಾಗಿ ‘ಚಿನ್ನದ ಗಿರಿ’ ಇದೇ ಸೀಮೆಯದು ಎಂಬ ವಾದಕ್ಕೆ ಬಲ ಬಂತು. ಆದರೆ ಮಸ್ಕಿ ಶಾಸನದಲ್ಲಿ ಸುವರ್ಣಗಿರಿಯ ಮಾತೇ ಇಲ್ಲ. ಭಾರತೀಯ ಪುರಾತತ್ವ ಇಲಾಖೆಗಾಗಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾ-ತಾಮ್ರಶಿಲಾ ಕಾಲದ ನೆಲೆ, ಬೃಹತ್‌ಶಿಲಾ ಗೋರಿಗಳು, ಆಮೇಲಿನ ಕಾಲದ ಪದರಗಳು ದೊರೆತವು. ರಾಜಧಾನಿಯೆನ್ನಲು ತಕ್ಕ ಕುರುಹು ಸಿಗಲಿಲ್ಲ. ಚಿನ್ನವಿದ್ದ ಮಾತ್ರಕ್ಕೆ ರಾಜಧಾನಿಯ ಪಟ್ಟ ಕಟ್ಟುವುದು ಅವಸರದ ಮಾತು.

ಮಧ್ಯಯುಗದ ಶಾಸನಗಳು ಮಸ್ಕಿಯನ್ನು ಪಿರಿಯ ಮೊಸಂಗಿ ಎನ್ನುತ್ತವೆ. ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಿದ ಮುಸಂಗಿ ಇದೇ ಎಂದು ಕೆಲವರ ಮತ.

ಲಿಂಗಸುಗೂರು–ಸಿಂಧನೂರು ಬಸ್ಸು ಮಸ್ಕಿಯ ಮೇಲೇ ಹಾಯುತ್ತದೆ. ಶಾಸನ ದುರ್ಗದ ಗುಡ್ಡದ ಬಂಡೆಯಲ್ಲಿದ್ದು, ಎಂಟು ಸಾಲಿನದು. ನೋಡಹೋದವರು ಮೊದಲ ಸಾಲನ್ನು ತಪ್ಪಿಸಬೇಡಿ. ‘ಅಸೋಕಸ’ ಎಂಬ ಅಕ್ಷರಗಳು ಅಲ್ಲಿವೆ.