ಕಲ್ಕತ್ತದ ಹಕ್ಕಿ ಬಲೆಗಳು ಮತ್ತು ಹೆಸರಿಲ್ಲದ ಪಂಡಿತರು

ಭಾರತದ ಪ್ರಾಣಿಶಾಸ್ತ್ರದ ಇತಿಹಾಸ ಬರೆಯಹೊರಟವರು ಮೊದಲು ನಿಲ್ಲುವ ಊರು ಕಲ್ಕತ್ತ. 1784ರಲ್ಲಿ ಅಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪನೆಯಾಯಿತು. 1814ರಲ್ಲಿ ಅದರ ವಸ್ತುಸಂಗ್ರಹಾಲಯ ಆರಂಭವಾಗಿ ಮುಂದೆ ಇಂಡಿಯನ್ ಮ್ಯೂಸಿಯಂ ಆಗಿ ಬೆಳೆಯಿತು. 1876ರಲ್ಲಿ ಅಲಿಪುರದ ಮೃಗಾಲಯ ತೆರೆಯಿತು. ಈ ಸಂಸ್ಥೆಗಳನ್ನು ಕಟ್ಟಿದ ಅಧಿಕಾರಿಗಳು, ಪಂಡಿತರು, ದಾನಿಗಳು ಎಲ್ಲರಿಗೂ ಪುಸ್ತಕಗಳಲ್ಲಿ ಜಾಗವಿದೆ. ಆದರೆ ಆ ಪಂಡಿತರ ಮೇಜಿನ ಮೇಲೆ ಹಕ್ಕಿ ಬಂದು ಕೂತದ್ದು ಹೇಗೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಜೀವಂತ ಹಕ್ಕಿ ತಾನಾಗಿ ಪಂಜರಕ್ಕೆ ಬರುವುದಿಲ್ಲ. ಅದನ್ನು ಗಾಯವಾಗದಂತೆ, ಗರಿ ಮುರಿಯದಂತೆ ಹಿಡಿಯಲು ಬಲ್ಲ ಒಬ್ಬ ಮನುಷ್ಯ ಬೇಕು, ಅವನ ಕೈಯಲ್ಲಿ ಆ ಹಕ್ಕಿಗೆಂದೇ ಮಾಡಿದ ಒಂದು ಸಲಕರಣೆ ಬೇಕು. ಬಿಹಾರ–ಬಂಗಾಳದ ಕಡೆ ಮೀರ್‌ಶಿಕಾರ್ ಎಂದೂ ಚಿಡಿಮಾರ್ ಎಂದೂ ಕರೆಸಿಕೊಂಡ ಹಕ್ಕಿ ಹಿಡಿಯುವವರು ಆ ಮನುಷ್ಯರು. ಅವರ ಬಲೆ, ಉರುಲು, ಅಂಟುಕೋಲುಗಳು ಹೊಟ್ಟೆಪಾಡಿನ ಸಾಮಾನುಗಳಷ್ಟೇ ಆಗಿರಲಿಲ್ಲ, ಪ್ರಾಣಿಗಳ ನಡವಳಿಕೆಯ ಕುರಿತ ನಿಖರವಾದ ತಿಳಿವಳಿಕೆ ಅವುಗಳಲ್ಲಿ ಅಡಕವಾಗಿತ್ತು. ಕಲ್ಕತ್ತದ ವಿಜ್ಞಾನ ಆ ತಿಳಿವಳಿಕೆಯನ್ನು ಬಳಸಿಕೊಂಡಿತು, ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ಈ ಬರಹದ ವಾದ.

ಮೊದಲು ಸಲಕರಣೆಗಳನ್ನೇ ನೋಡೋಣ. ಬಂಗಾಳದಲ್ಲಿ ಸಾತ್‌ನಲಾ ಎನ್ನುವ ಕೋಲು ತೆಳುವಾದ ಬಿದಿರಿನ ನಳಿಗೆಗಳನ್ನು ಒಂದರ ತುದಿಗೆ ಒಂದು ಸಿಕ್ಕಿಸಿ ಉದ್ದ ಮಾಡುವಂಥದ್ದು. ತುದಿಯ ಕಡ್ಡಿಗೆ ಆಲ, ಅರಳಿ ಮುಂತಾದ ಮರಗಳ ಹಾಲನ್ನು ಸಾಸಿವೆ ಎಣ್ಣೆಯೊಡನೆ ಕಾಯಿಸಿ ಮಾಡಿದ ಅಂಟನ್ನು ಬಳಿಯುತ್ತಾರೆ. ಹಿಡಿಯುವವನು ಮರದ ಕೆಳಗೆ ನಿಂತು ಒಂದೊಂದೇ ನಳಿಗೆ ಸೇರಿಸುತ್ತ, ಎಲೆ ಅಲುಗಾಡಿಸದೆ, ಕೊಂಬೆಯ ಮೇಲೆ ಕೂತ ಹಕ್ಕಿಯ ರೆಕ್ಕೆಗೆ ಅದನ್ನು ತಾಗಿಸುತ್ತಾನೆ. ಈ ಕೋಲು ನೆಲದ ಮೇಲೆ ಓಡಾಡುವ ಹಕ್ಕಿಗೆ ನಿರುಪಯೋಗಿ. ಕೆಸರಿನಲ್ಲಿ ಹುಳು ಹುಡುಕುವ ಗೊರವಗಳಿಗೆ ಕುದುರೆ ಕೂದಲಿನ ಉರುಲುಗಳ ಸಾಲು ಬೇಕು, ಅದನ್ನು ಅವುಗಳ ಕಾಲಿನ ಎತ್ತರಕ್ಕೆ ಹೂಡಬೇಕು. ಹಿಂಡುಗಟ್ಟಿ ಕಾಳಿಗಿಳಿಯುವ ರಾಟವಾಳಗಳಿಗೆ ಎರಡು ಕಡೆಯಿಂದ ಮಡಚಿಕೊಳ್ಳುವ ಬಲೆ ಬೇಕು, ಅದರ ನಡುವೆ ಪಳಗಿದ ರಾಟವಾಳ ಒಂದು ಕೂತಿರಬೇಕು. ತನ್ನ ಎಲ್ಲೆಯನ್ನು ಜಗಳವಾಡಿ ಕಾಯುವ ಕೌಜುಗಕ್ಕೆ ಪಂಜರದಲ್ಲಿ ಕೂಗುವ ಇನ್ನೊಂದು ಗಂಡು ಕೌಜುಗವೇ ದೀವದ ಹಕ್ಕಿ. ಕಾಳಗಕ್ಕೆ ಬಂದದ್ದು ಸುತ್ತಲಿನ ಉರುಲಿಗೆ ಬೀಳುತ್ತದೆ. ಹಗಲಿನಲ್ಲಿ ಗೂಬೆ ಕಂಡರೆ ಸಣ್ಣ ಹಕ್ಕಿಗಳು ಒಟ್ಟಾಗಿ ಮುತ್ತಿಗೆ ಹಾಕುತ್ತವೆ ಎಂಬುದನ್ನು ಬಲ್ಲವನು ಗೂಬೆಯನ್ನು ಕಟ್ಟಿ, ಪಕ್ಕದ ಕೊಂಬೆಗಳಿಗೆ ಅಂಟು ಹಚ್ಚುತ್ತಾನೆ. ಬಾತುಗಳಿಗಾಗಿ ಜೌಗಿನಲ್ಲಿ ಮಡಕೆಗಳನ್ನು ಬೋರಲಾಗಿ ತೇಲಬಿಟ್ಟು, ಹಕ್ಕಿಗಳಿಗೆ ಅವು ರೂಢಿಯಾದ ಮೇಲೆ ಅಂಥದೇ ಮಡಕೆಯನ್ನು ತಲೆಗೆ ಕವುಚಿಕೊಂಡು ಕುತ್ತಿಗೆಮಟ್ಟ ನೀರಿನಲ್ಲಿ ನಡೆದುಹೋಗಿ, ಕಾಲು ಹಿಡಿದು ಒಳಗೆಳೆಯುವ ಉಪಾಯವನ್ನು 19ನೇ ಶತಮಾನದ ಬರಹಗಳು ಬೆರಗಿನಿಂದ ವರ್ಣಿಸಿವೆ.

ಪ್ರತಿ ಸಲಕರಣೆಯ ಆಕಾರವೂ ಒಂದು ಜೀವಿಯ ಸ್ವಭಾವದ ಕುರಿತ ಹೇಳಿಕೆ ಎಂಬುದನ್ನು ಇಂದಿನ ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪಬಹುದು, ಏಕೆಂದರೆ ಅವರು ಆಡುವ ಆಟವೊಂದು ಇದೇ ತತ್ವದ ಮೇಲೆ ನಿಂತಿದೆ. ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿಯುವ ಹವ್ಯಾಸವಿದ್ದ ಸತೋಶಿ ತಾಜಿರಿ ರೂಪಿಸಿದ ಪೋಕೆಮಾನ್ ವಿಡಿಯೊ ಆಟ ಜಪಾನಿನಲ್ಲಿ 1996ರಲ್ಲಿ ಬಂತು. ಅದರಲ್ಲಿ ಜೀವಿಗಳನ್ನು ಹಿಡಿಯುವುದು ಚೆಂಡುಗಳಿಂದ. 1999ರ ಗೋಲ್ಡ್ ಮತ್ತು ಸಿಲ್ವರ್ ಆವೃತ್ತಿಗಳಲ್ಲಿ ಕರ್ಟ್ ಎಂಬ ವೃದ್ಧ ಕುಶಲಕರ್ಮಿ ಮರದ ಕಾಯಿಗಳಿಂದ ವಿಶೇಷ ಚೆಂಡುಗಳನ್ನು ಮಾಡಿಕೊಡುತ್ತಾನೆ: ತೂಕದ ಜೀವಿಗೆ ಹೆವಿ ಬಾಲ್, ತಪ್ಪಿಸಿಕೊಂಡು ಓಡುವುದಕ್ಕೆ ಫಾಸ್ಟ್ ಬಾಲ್, ಗಾಳಕ್ಕೆ ಸಿಕ್ಕಿದ್ದಕ್ಕೆ ಲೂರ್ ಬಾಲ್. ಮುಂದಿನ ಆವೃತ್ತಿಗಳಲ್ಲಿ ನೀರಿನ ಜೀವಿಗಳಿಗೂ ಕೀಟಗಳಿಗೂ ನೆಟ್ ಬಾಲ್, ಕತ್ತಲೆಗೆ ಡಸ್ಕ್ ಬಾಲ್ ಸೇರಿದವು. ಯಾವ ಚೆಂಡನ್ನು ಯಾವಾಗ ಎಸೆಯಬೇಕೆಂದು ತಿಳಿಯಲು ಆಟಗಾರ ಆ ಜೀವಿಯ ತೂಕ, ವೇಗ, ಹೊತ್ತು, ನೆಲೆಗಳನ್ನು ಕಲಿಯಲೇಬೇಕು. ಕಲ್ಪನೆಯ ಲೋಕ ಆ ಕುಶಲಕರ್ಮಿಗೆ ಒಂದು ಹೆಸರು, ಒಂದು ಊರು, ಒಂದು ಮನೆ ಕೊಟ್ಟಿದೆ. ನಿಜವಾದ ಇತಿಹಾಸ ಮೀರ್‌ಶಿಕಾರನಿಗೆ ಅಷ್ಟನ್ನೂ ಕೊಡಲಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಇಂಪೆ ದಂಪತಿಗಳ ಸಂಗ್ರಹದಲ್ಲಿದೆ. ಫೋರ್ಟ್ ವಿಲಿಯಂನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲೈಜಾ ಇಂಪೆಯ ಪತ್ನಿ ಮೇರಿ ಇಂಪೆ 1777ರಿಂದ ಐದಾರು ವರ್ಷ ಕಲ್ಕತ್ತದ ತನ್ನ ಮನೆಯಂಗಳದಲ್ಲಿ ಪ್ರಾಣಿಪಕ್ಷಿಗಳನ್ನು ಸಾಕಿ, ಪಟ್ನಾದಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಕಲಾವಿದರಿಂದ ಅವುಗಳ ಚಿತ್ರ ಬರೆಸಿದಳು. ಮುನ್ನೂರಕ್ಕೂ ಹೆಚ್ಚಿನ ಆ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವು. ಚಿತ್ರದ ಅಂಚಿನಲ್ಲಿ ಇದು ಲೇಡಿ ಇಂಪೆಯ ಸಂಗ್ರಹ ಎಂಬ ಒಕ್ಕಣೆಯಿದೆ, ಬರೆದವರ ಹೆಸರಿದೆ, ಅವರು ಪಟ್ನಾದವರೆಂದೂ ಇದೆ. ಒಡತಿಯ ಮನೆತನದ ಹೆಸರು ಹಿಮಾಲಯದ ಮೋನಾಲ್ ಹಕ್ಕಿಯ ವೈಜ್ಞಾನಿಕ ನಾಮದಲ್ಲೇ ಸೇರಿಹೋಗಿದೆ; ಲೋಫೋಫೋರಸ್ ಇಂಪೆಜಾನಸ್ ಎಂದು ಇಂದಿಗೂ ಅದನ್ನು ಕರೆಯುತ್ತಾರೆ. ಒಡತಿ, ಕಲಾವಿದ, ಹಕ್ಕಿ ಮೂವರಿಗೂ ಆ ಕಾಗದದ ಮೇಲೆ ಜಾಗ ಸಿಕ್ಕಿತು. ಹಕ್ಕಿಯನ್ನು ಜೀವಸಹಿತ ತಂದವನ ಹೆಸರು ಆ ಅಂಚುಗಳಲ್ಲಿ ಇಲ್ಲ. ಆದರೂ ಅವನ ಕೆಲಸದ ಗುರುತು ಚಿತ್ರದೊಳಗೇ ಇದೆ ಎಂದು ಹೇಳಬೇಕು: ಗುಂಡೇಟು ತಿಂದ ಹಕ್ಕಿಯ ಕಣ್ಣಿನ ಬಣ್ಣ ಮಾಸುತ್ತದೆ, ಕಾಲಿನ ಬಣ್ಣ ಕೆಡುತ್ತದೆ, ಗರಿ ರಕ್ತದಿಂದ ಅಂಟಿಕೊಳ್ಳುತ್ತದೆ. ಜೈನುದ್ದೀನನ ಹಕ್ಕಿಗಳು ಕೊಂಬೆಯನ್ನು ಹಿಡಿದು ಕೂತಿರುವ ಬಿಗಿ ಜೀವಂತ ಮಾದರಿಯಿಲ್ಲದೆ ಬರುವಂಥದ್ದಲ್ಲ.

ನಗರದ ಬೇಡಿಕೆ ಅಲ್ಲಿಂದ ಬೆಳೆಯುತ್ತಲೇ ಹೋಯಿತು. 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ನಮ್ಮ ಬೆಳೆ, ಕಸುಬು, ಜಾತಿಗಳ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೆಲವೇ ವರ್ಷಗಳಲ್ಲಿ ಕಲ್ಕತ್ತದ ಬಳಿಯ ಬ್ಯಾರಕ್‌ಪುರದಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ತೆರೆದ ಪ್ರಾಣಿಸಂಗ್ರಹದ ಹೊಣೆ ಹೊತ್ತ. 1856ರಲ್ಲಿ ಅವಧ್‌ನ ಸಿಂಹಾಸನ ಕಳೆದುಕೊಂಡು ಬಂದ ನವಾಬ ವಾಜಿದ್ ಅಲಿ ಶಾ, 1887ರಲ್ಲಿ ತೀರಿಕೊಳ್ಳುವವರೆಗೂ ಮಟಿಯಾಬುರ್ಜ್‌ನಲ್ಲಿ ಹುಲಿ, ಹಾವು, ಪಾರಿವಾಳಗಳ ದೊಡ್ಡ ಲೋಕವನ್ನೇ ಕಟ್ಟಿಕೊಂಡಿದ್ದ. ಬಾಲ್ಯವನ್ನು ಅಲ್ಲಿ ಕಳೆದ ಉರ್ದು ಲೇಖಕ ಅಬ್ದುಲ್ ಹಲೀಮ್ ಶರರ್ ಆ ಪ್ರಾಣಿಗಳಿಗೆ ನೂರಾರು ಪಾಲಕರಿದ್ದುದನ್ನು ಬರೆದಿದ್ದಾನೆ. ಇಟಲಿಯಿಂದ ಬಂದ ಎಡ್ವರ್ಡ್ ಟಿರೆಟ್ಟಾನ ಹೆಸರು ಹೊತ್ತ ಟಿರೆಟ್ಟಾ ಬಜಾರ್ ಹಕ್ಕಿ ವ್ಯಾಪಾರದ ಕೇಂದ್ರವಾಯಿತು. ಚಳಿಗಾಲದಲ್ಲಿ ನಗರದ ಪೂರ್ವದ ಉಪ್ಪುಕೆರೆಗಳಿಂದಲೂ ಸುತ್ತಲಿನ ಜೌಗುಗಳಿಂದಲೂ ಬಾತುಗಳು ಪೇಟೆಗೆ ಬರುತ್ತಿದ್ದವು. ಗವರ್ನರನ ತೋಟ, ನವಾಬನ ಅರಮನೆ, ಪಂಡಿತನ ಮೇಜು, ಅಡುಗೆಮನೆ ಎಲ್ಲಕ್ಕೂ ಹಕ್ಕಿ ಹೋಗುತ್ತಿದ್ದುದು ಬಲೆಗಾರನ ಕೈ ದಾಟಿಯೇ.

ಅಂಥ ಪೇಟೆ ವಿಜ್ಞಾನಕ್ಕೆ ಏನು ಕೊಟ್ಟಿತು? ಎಡ್ವರ್ಡ್ ಬ್ಲೈತ್ 1841ರಲ್ಲಿ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯಕ್ಕೆ ಮೇಲ್ವಿಚಾರಕನಾಗಿ ಬಂದು 1862ರವರೆಗೆ ಇದ್ದ. ಸಂಬಳ ಕಡಿಮೆ, ದೂರ ಪ್ರವಾಸಕ್ಕೆ ಅವಕಾಶವೂ ಕಡಿಮೆ. ಕಲ್ಕತ್ತದ ಬಜಾರಿನಲ್ಲಿ ಕೊಂಡ ಹಕ್ಕಿಗಳು ಅವನ ಸಂಗ್ರಹಕ್ಕೆ ಸೇರಿದವು. ಡಾರ್ವಿನ್ ಅವನಿಗೆ ಕಾಗದ ಬರೆದು ಮಾಹಿತಿ ಕೇಳುತ್ತಿದ್ದ, ಜೀವಿಸಂಕುಲಗಳ ಉಗಮದ ಕುರಿತ ತನ್ನ 1859ರ ಗ್ರಂಥದ ಮೊದಲ ಅಧ್ಯಾಯದಲ್ಲೇ ಬ್ಲೈತ್‌ನ ಅಭಿಪ್ರಾಯವನ್ನು ಗೌರವದಿಂದ ಸ್ಮರಿಸಿದ. 1894ರಲ್ಲಿ ಇಂಡಿಯನ್ ಮ್ಯೂಸಿಯಂಗೆ ಬಂದ ಫ್ರಾಂಕ್ ಫಿನ್ ಇನ್ನೂ ಮುಂದೆ ಹೋಗಿ ಪೇಟೆಯನ್ನೇ ಅಧ್ಯಯನದ ಕ್ಷೇತ್ರವಾಗಿಸಿಕೊಂಡ. ಪೂರ್ವ ಏಷ್ಯಾದ ಬೇರ್ಸ್ ಪೊಚಾರ್ಡ್ ಎಂಬ ಮುಳುಗುಬಾತು ಚಳಿಗಾಲದಲ್ಲಿ ಬಂಗಾಳಕ್ಕೆ ಬರುತ್ತದೆಂಬುದಕ್ಕೆ ಅವನಿಗೆ ಸಾಕ್ಷ್ಯ ಸಿಕ್ಕಿದ್ದು ಕಲ್ಕತ್ತದ ಬಜಾರಿನ ಬಾತುಗಳ ರಾಶಿಯಲ್ಲಿ. 1901ರಲ್ಲಿ ಅವನು ಕಲ್ಕತ್ತದ ಹಕ್ಕಿಗಳ ಬಗ್ಗೆ ಒಂದು ಪುಸ್ತಕವನ್ನೇ ತಂದ. ಅಲಿಪುರದಲ್ಲಿ ಮೊದಲ ಭಾರತೀಯ ಮೇಲ್ವಿಚಾರಕ ರಾಮಬ್ರಹ್ಮ ಸಾನ್ಯಾಲ್ 1892ರಲ್ಲಿ ಬಂಧನದಲ್ಲಿರುವ ಪ್ರಾಣಿಗಳ ನಿರ್ವಹಣೆಯ ಕುರಿತು ಕೈಪಿಡಿ ಬರೆದರು. ಆ ವಿಷಯದಲ್ಲಿ ಲೋಕದಲ್ಲೇ ಮೊದಮೊದಲು ಬಂದ ಗ್ರಂಥಗಳಲ್ಲಿ ಅದೂ ಒಂದು. ಈ ಮೂವರ ವಿದ್ಯೆಯನ್ನು ಕಿರಿದುಗೊಳಿಸುವ ಉದ್ದೇಶ ನನ್ನದಲ್ಲ. ಅವರ ವಿದ್ಯೆಯ ಬುಡದಲ್ಲಿ ಇನ್ನೊಂದು ವಿದ್ಯೆ ಇತ್ತು ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಬಲವಾದ ಆಕ್ಷೇಪಗಳಿವೆ. ಸಂಗ್ರಹಾಲಯಗಳ ಚರ್ಮಗಳಲ್ಲಿ ಬಹುಪಾಲು ಬಂದೂಕಿನಿಂದ ಬಂದವು, ಬಲೆಗೆ ಅಷ್ಟು ಮಹತ್ವ ಸಲ್ಲದು ಎನ್ನಬಹುದು. ನಿಜ, ಆದರೆ ಚರ್ಮದಿಂದ ತಿಳಿಯುವುದು ಅಳತೆ ಮತ್ತು ಬಣ್ಣ. ಏನು ತಿನ್ನುತ್ತದೆ, ಹೇಗೆ ಗರಿ ಬದಲಿಸುತ್ತದೆ, ಬಂಧನದಲ್ಲಿ ಮರಿ ಮಾಡುತ್ತದೆಯೇ ಎಂಬುದು ಜೀವಂತ ಹಕ್ಕಿಯಿಂದ ಮಾತ್ರ ತಿಳಿಯುತ್ತದೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಬಜಾರಿನ ಹಕ್ಕಿಗೆ ಊರಿಲ್ಲ, ಎಲ್ಲಿ ಹಿಡಿದದ್ದೆಂದು ಗೊತ್ತಿಲ್ಲದ ಮಾದರಿ ವಿಜ್ಞಾನಕ್ಕೆ ಅರ್ಧ ಕುರುಡು. ಈ ದೋಷವನ್ನು ಪಕ್ಷಿಶಾಸ್ತ್ರಜ್ಞರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಆ ಹಕ್ಕಿಗೆ ಊರು ಇಲ್ಲದೆ ಇರಲಿಲ್ಲ. ಯಾವ ಜೌಗಿನಲ್ಲಿ, ಯಾವ ಹೊತ್ತಿನಲ್ಲಿ, ಎಂಥ ಗಾಳಿಯಲ್ಲಿ ಬಿತ್ತೆಂದು ಹಿಡಿದವನಿಗೆ ಗೊತ್ತಿತ್ತು. ಆ ಮಾತು ದಲ್ಲಾಳಿಯಿಂದ ಅಂಗಡಿಗೆ, ಅಂಗಡಿಯಿಂದ ಪಂಡಿತನಿಗೆ ಬರುವಷ್ಟರಲ್ಲಿ ಕಳೆದುಹೋಯಿತು, ಏಕೆಂದರೆ ಹಿಡಿದವನನ್ನು ಮಾಹಿತಿಯ ಮೂಲವೆಂದು ಎಣಿಸುವ ಏರ್ಪಾಡೇ ಇರಲಿಲ್ಲ. ಅವನ ಮಾತಿಗೆ ಬೆಲೆ ಕೊಡದೆ ಹೋದದ್ದರ ನಷ್ಟವನ್ನು ವಿಜ್ಞಾನವೇ ತೆತ್ತಿತು.

ಹೆಸರಿಡುವುದು, ಹೋಲಿಸುವುದು, ವರ್ಗೀಕರಿಸುವುದೇ ವಿಜ್ಞಾನ, ಹಿಡಿಯುವುದು ಬರೀ ಕೈಚಳಕ ಎಂದು ವಾದಿಸುವವರೂ ಇದ್ದಾರೆ. ನಮ್ಮ ಹಳೆಯ ವಿದ್ವತ್ತು ಈ ಗೆರೆಯನ್ನು ಇಷ್ಟು ಗಟ್ಟಿಯಾಗಿ ಎಳೆದಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಬೇಟೆ, ಗಿಡುಗದ ಬೇಟೆ, ಮೀನು ಹಿಡಿಯುವ ಬಗೆಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಎಂಥ ಎರೆ ಎಂಬುದು ರಾಜನ ಗ್ರಂಥದಲ್ಲಿ ಬರೆದಿಡಲು ಯೋಗ್ಯವಾದ ಜ್ಞಾನವಾಗಿತ್ತು. ಬಲೆಗಾರನೂ ವರ್ಗೀಕರಣ ಮಾಡುತ್ತಾನೆ. ರಚನೆಯ ಬದಲು ನಡವಳಿಕೆ ಅವನ ಆಧಾರ. ಕೊಕ್ಕಿನ ಅಳತೆಯಿಂದ ಎರಡು ಹಕ್ಕಿಗಳನ್ನು ಬೇರೆ ಮಾಡುವುದು ಜ್ಞಾನವಾದರೆ, ಇಳಿಯುವ ರೀತಿಯಿಂದ ಬೇರೆ ಮಾಡಿ ಅದಕ್ಕೆ ತಕ್ಕ ಕಣ್ಣಳತೆಯ ಬಲೆ ಹೆಣೆಯುವುದೂ ಜ್ಞಾನವೇ. ಇದಕ್ಕೆ ಸ್ವತಂತ್ರ ಭಾರತದಲ್ಲೇ ಪುರಾವೆ ಸಿಕ್ಕಿತು. 1960ರ ದಶಕದಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡಾಗ, ಭರತಪುರದಲ್ಲಿ ಹಕ್ಕಿಗಳನ್ನು ಗಾಯವಿಲ್ಲದೆ ಹಿಡಿದುಕೊಟ್ಟವರು ಬಿಹಾರದ ಮೀರ್‌ಶಿಕಾರರು. ಅವರಲ್ಲಿ ಅಲಿ ಹುಸೇನ್ ಅವರ ಹೆಸರು ಮಾತ್ರ ಪಕ್ಷಿಶಾಸ್ತ್ರದ ವಲಯದಲ್ಲಿ ಉಳಿಯಿತು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಕ್ರೌರ್ಯದ್ದು, ಅದನ್ನು ಮರೆಮಾಚಿದರೆ ಈ ವಾದಕ್ಕೆ ಮರ್ಯಾದೆ ಇರುವುದಿಲ್ಲ. ಅಂಟಿಗೆ ಸಿಕ್ಕ ಹಕ್ಕಿ ಒದ್ದಾಡುತ್ತದೆ, ಇಕ್ಕಟ್ಟಾದ ಪಂಜರದಲ್ಲಿ ಸಾಯುತ್ತದೆ. ಗುಲಾಬಿ ತಲೆಯ ಬಾತು ಒಮ್ಮೆ ಕಲ್ಕತ್ತದ ಪೇಟೆಯಲ್ಲಿ ಆಗಾಗ ಕಾಣುತ್ತಿತ್ತು. 1935ರಲ್ಲಿ ಬಿಹಾರದ ದರ್ಭಂಗಾದಲ್ಲಿ ಸಿಕ್ಕಿದ್ದೇ ಕಾಡಿನಲ್ಲಿ ಅದರ ಕೊನೆಯ ಖಚಿತ ದಾಖಲೆ; ಇಂಗ್ಲೆಂಡಿನ ಫಾಕ್ಸ್‌ವಾರನ್ ಪಾರ್ಕಿನಲ್ಲಿ ಆಲ್ಫ್ರೆಡ್ ಎಜ್ರಾ ಸಾಕಿದ್ದ ಕೆಲವು ಸತ್ತ ಮೇಲೆ ಬಂಧನದಲ್ಲೂ ಅದು ಉಳಿಯಲಿಲ್ಲ. ಅದರ ನಾಶದಲ್ಲಿ ಜೌಗುಹುಲ್ಲಿನ ನೆಲ ಹೊಲವಾದದ್ದು, ಬಂದೂಕು, ಅಪರೂಪದ ಹಕ್ಕಿಗೆ ಹಣ ಸುರಿಯುವ ಶ್ರೀಮಂತರ ಹವ್ಯಾಸ ಎಲ್ಲವೂ ಸೇರಿದ್ದವು. ಬಲೆಯನ್ನು ಆ ಪಟ್ಟಿಯಿಂದ ಬಿಡಿಸಲಾಗದು. ಆದ್ದರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ, 1990–91ರಿಂದ ದೇಶೀಯ ಕಾಡುಹಕ್ಕಿಗಳ ವ್ಯಾಪಾರಕ್ಕೆ ಬಿದ್ದ ನಿಷೇಧವೂ ನ್ಯಾಯವಾದವೇ. ಹಿಂದೆ ಹಾತಿಬಾಗಾನ್‌ನಲ್ಲಿ ಸೇರುತ್ತಿದ್ದ, ಈಗ ಬಾಗ್‌ಬಜಾರಿನ ಗ್ಯಾಲಿಫ್ ಸ್ಟ್ರೀಟಿನಲ್ಲಿ ನಡೆಯುವ ಭಾನುವಾರದ ಸಂತೆಯಲ್ಲಿ ಕಾಡುಹಕ್ಕಿ ಮಾರಾಟಕ್ಕೆ ಬಂದರೆ ತಡೆಯಲೇಬೇಕು. ಆದರೆ ಕಸುಬನ್ನು ನಿಲ್ಲಿಸುವುದು ಬೇರೆ, ಕಸುಬಿನವರ ತಿಳಿವಳಿಕೆಯನ್ನು ಅಪರಾಧದ ಕಡತಕ್ಕೆ ಸೇರಿಸಿ ಮುಚ್ಚುವುದು ಬೇರೆ. ಮೋನಾಲ್‌ನ ಹೆಸರಿನಲ್ಲಿ ಇಂಪೆ ಮನೆತನ ಇನ್ನೂ ಇದೆ. ಹಕ್ಕಿ ತರಿಸಿಕೊಂಡವರು ಹೀಗೆ ಗೌರವದಿಂದ ಉಳಿದು, ತಂದವರು ಮಾತ್ರ ಕಳ್ಳರೆನಿಸಿಕೊಂಡರೆ ಅದು ಇತಿಹಾಸದ ಪಕ್ಷಪಾತ.

ಕರ್ನಾಟಕದ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮ ಹಕ್ಕಿಪಿಕ್ಕಿ ಜನ ತಲೆಮಾರುಗಳ ಕಾಲ ಇದೇ ವಿದ್ಯೆಯನ್ನು ನಂಬಿ ಬದುಕಿದವರು, ಮನೆಯಲ್ಲಿ ವಾಗ್ರಿ ಮಾತಾಡುವವರು. ಕಾಯ್ದೆ ಬಂದ ಮೇಲೆ ಹುಣಸೂರು ತಾಲೂಕಿನ ಪಕ್ಷಿರಾಜಪುರದಂಥ ಊರುಗಳಲ್ಲಿ ನೆಲೆನಿಂತು, ಗಿಡಮೂಲಿಕೆ ಎಣ್ಣೆ ಮಾರುತ್ತ ಹೊರದೇಶಗಳಿಗೂ ಹೋದರು. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಅವರಲ್ಲಿ ಕೆಲವರು ಸಿಕ್ಕಿಕೊಂಡಾಗಲೇ ನಾಡಿನ ಹಲವರಿಗೆ ಅವರ ನೆನಪಾಯಿತು. ಹಿರಿಯರಲ್ಲಿರುವ ಹಕ್ಕಿಜ್ಞಾನ ಕಿರಿಯರಿಗೆ ದಾಟಲು ಈಗ ಕಾರಣವೇ ಉಳಿದಿಲ್ಲ. ಆ ಕಾರಣವನ್ನು ನಾವು ಒದಗಿಸಬಹುದು. ಉಂಗುರ ತೊಡಿಸುವ ಕೆಲಸ, ಹಕ್ಕಿಗಣತಿ, ಗಾಯಗೊಂಡ ಹಕ್ಕಿಗಳ ರಕ್ಷಣೆ ಈ ಮೂರರಲ್ಲೂ ಈ ಸಮುದಾಯಗಳಿಗೆ ಸಂಬಳದ, ಗೌರವದ ಸ್ಥಾನ ಕೊಡಬೇಕು. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಹಕ್ಕಿಗಳ ಪಕ್ಕದಲ್ಲಿ ಸಾತ್‌ನಲಾ, ಕೂದಲುರುಲು, ಮಡಚುಬಲೆಗಳನ್ನು ಇಟ್ಟು, ಯಾವ ಸಲಕರಣೆ ಯಾವ ಹಕ್ಕಿಯ ಯಾವ ಸ್ವಭಾವವನ್ನು ಅರಿತು ಮಾಡಿದ್ದೆಂದು ವಿವರಿಸಬೇಕು. ನಿಷೇಧದ ಕಾನೂನಿಗೆ ಇದರಿಂದ ಕುಂದು ಬರುವುದಿಲ್ಲ. ಹಕ್ಕಿಯನ್ನು ಉಳಿಸಬೇಕೆಂದಿರುವ ಸಮಾಜಕ್ಕೆ ಹಕ್ಕಿಯನ್ನು ಅಷ್ಟು ಹತ್ತಿರದಿಂದ ಬಲ್ಲವರ ನೆರವು ಬೇಕೇ ಬೇಕು, ಆ ನೆರವನ್ನು ಕೇಳುವ ಮೊದಲು ಅವರ ಹಳೆಯ ಪಾಲನ್ನು ಒಪ್ಪಿಕೊಳ್ಳುವುದು ನ್ಯಾಯ.