ಮರೀನಾದ ಮರಳು ಎಲ್ಲಿಂದ ಬಂತು?

ಊರಿನಿಂದ ನೆಂಟರು ಬಂದರೆ ಚೆನ್ನೈ ಕನ್ನಡಿಗರು ಮೊದಲು ಕರೆದೊಯ್ಯುವುದು ಮರೀನಾ ಬೀಚಿಗೆ. ರಸ್ತೆಯಿಂದ ನೀರಿನವರೆಗೆ ನಡೆಯುವಷ್ಟರಲ್ಲಿ ಮಕ್ಕಳ ಕಾಲು ಸೋಲುತ್ತದೆ. ಕೆಲವು ಕಡೆ ಮರಳಿನ ಅಗಲ 300 ಮೀಟರಿಗೂ ಹೆಚ್ಚು. ಈ ಮರಳು ಅನಾದಿ ಕಾಲದಿಂದ ಇಲ್ಲಿ ಇದ್ದುದಲ್ಲ. ಸುಮಾರು 150 ವರ್ಷಗಳ ಹಿಂದೆ ಇದರಲ್ಲಿ ಬಹುಪಾಲು ಜಾಗ ಕಡಲೇ ಆಗಿತ್ತು.

ಈಸ್ಟ್ ಇಂಡಿಯಾ ಕಂಪನಿಯವರು 1640ರ ಸುಮಾರಿಗೆ ಸೇಂಟ್ ಜಾರ್ಜ್ ಕೋಟೆ ಕಟ್ಟಲು ಆರಂಭಿಸಿದಾಗ ಅಲೆಗಳು ಕೋಟೆಯ ಸಮೀಪಕ್ಕೇ ಬರುತ್ತಿದ್ದವು. ವಿವೇಕಾನಂದರು 1897ರಲ್ಲಿ ತಂಗಿದ್ದ 'ಐಸ್ ಹೌಸ್' ಕಟ್ಟಡ ಮೊದಲು ಅಮೆರಿಕದ ಬಾಸ್ಟನ್‌ನಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯ ಗೋದಾಮಾಗಿತ್ತು. ಇಂದು ಅದರ ಮುಂದೆ ನಿಂತರೆ ಕಡಲು ಎಷ್ಟೋ ದೂರದಲ್ಲಿದೆ.

ಮದ್ರಾಸಿಗೆ ನೈಸರ್ಗಿಕ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮಸೂಲಾ ದೋಣಿಗಳು. ಮೊಳೆ ಬಳಸದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ಈ ದೋಣಿಗಳು ಅಲೆಯ ಹೊಡೆತಕ್ಕೆ ಬಾಗುತ್ತಿದ್ದವು, ಒಡೆಯುತ್ತಿರಲಿಲ್ಲ. ಈ ಕಡಲನ್ನು ಚೆನ್ನಾಗಿ ಬಲ್ಲವರು ದೋಣಿ ನಡೆಸುತ್ತಿದ್ದ ಸ್ಥಳೀಯರೇ. 1861ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಒಂದು ಉದ್ದನೆಯ ಕಟ್ಟೆ ಸಿದ್ಧವಾಯಿತು. ಕಂಬಗಳ ನಡುವೆ ನೀರೂ ಮರಳೂ ಹಾದುಹೋಗಲು ದಾರಿಯಿತ್ತು. ಆದರೆ ಬಿರುಗಾಳಿ ಬಂದಾಗ ಹಡಗುಗಳಿಗೆ ಅದರಿಂದ ರಕ್ಷಣೆ ಸಿಗುತ್ತಿರಲಿಲ್ಲ.

ಆಗ ವಿಲಿಯಂ ಪಾರ್ಕ್ಸ್ ಎಂಬ ಎಂಜಿನಿಯರ್ ರೂಪಿಸಿದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ದಡದಿಂದ ಕಡಲೊಳಗೆ ಎರಡು ಭಾರಿ ತಡೆಗೋಡೆಗಳು, ಅವುಗಳ ನಡುವೆ ಪೂರ್ವಕ್ಕೆ ತೆರೆದ ಬಾಗಿಲು. 1875ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಯುವರಾಜರಿಂದ ಶಂಕುಸ್ಥಾಪನೆಯಾಯಿತು. ಕೆಲಸ ಮುಗಿಯುವ ಹೊತ್ತಿಗೆ, 1881ರ ನವೆಂಬರಿನಲ್ಲಿ ಬಂದ ಚಂಡಮಾರುತ ಗೋಡೆಗಳ ಬಹುಭಾಗವನ್ನು ಕೆಡವಿತು. ಮತ್ತೆ ಕಟ್ಟಿದರು. ಆದರೆ ಈ ಬಂದರಿಗೆ ಚಂಡಮಾರುತಕ್ಕಿಂತ ಹೆಚ್ಚು ಕಾಲ ಕಾಡಿದ್ದು ಸದ್ದಿಲ್ಲದೆ ಬರುವ ಮರಳು.

ಮರಳು ಹೇಗೆ ನಡೆಯುತ್ತದೆ? ಅಲೆ ಸಾಮಾನ್ಯವಾಗಿ ದಡಕ್ಕೆ ನೇರವಾಗಿ ಬರುವುದಿಲ್ಲ, ಸ್ವಲ್ಪ ಓರೆಯಾಗಿ ಬರುತ್ತದೆ. ಬರುವಾಗ ಮರಳಿನ ಕಣವನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ಹಿಂದಿರುಗುವಾಗ ನೇರವಾಗಿ ಕೆಳಕ್ಕೆ ಎಳೆಯುತ್ತದೆ. ಹೀಗೆ ಅಲೆಯಿಂದ ಅಲೆಗೆ ಕಣ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತದೆ. ದಡದ ಗುಂಟ ಹರಿಯುವ ಪ್ರವಾಹವೂ ಅದೇ ದಿಕ್ಕಿಗೆ ಮರಳನ್ನು ಒಯ್ಯುತ್ತದೆ. ಚೆನ್ನೈ ತೀರದಲ್ಲಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ಈ ನಡಿಗೆ ಉತ್ತರಕ್ಕೆ, ಈಶಾನ್ಯ ಮಾರುತದ ಕಾಲದಲ್ಲಿ ದಕ್ಷಿಣಕ್ಕೆ. ಉತ್ತರಕ್ಕೆ ಹೋಗುವ ಕಾಲವೇ ದೀರ್ಘವಾದ್ದರಿಂದ ವರ್ಷದ ಲೆಕ್ಕದಲ್ಲಿ ಮರಳು ಉತ್ತರಕ್ಕೇ ಸಾಗುತ್ತದೆ. ಇಲ್ಲಿ ಉಬ್ಬರವಿಳಿತದ ಏರಿಳಿತ ಸುಮಾರು ಒಂದು ಮೀಟರ್ ಮಾತ್ರ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಐದು ಮೀಟರಿನ ಹತ್ತಿರ ಹೋಗುತ್ತದೆ. ಹಾಗಾಗಿ ಚೆನ್ನೈಯಲ್ಲಿ ತೀರವನ್ನು ತಿದ್ದುವ ಕೆಲಸ ಹೆಚ್ಚಾಗಿ ಅಲೆಗಳದ್ದೇ. ಕೂವಂ, ಅಡ್ಯಾರ್ ನದಿಗಳ ಅಳಿವೆಗಳಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಬಾಯಿಗೆ ಮರಳು ಕಟ್ಟಿಕೊಳ್ಳುವುದೂ ಇದೇ ಕಾರಣಕ್ಕೆ.

ಹರಿಯುವ ಕಾಲುವೆಗೆ ಕಲ್ಲು ಅಡ್ಡ ಇಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಯಿತು. ದಕ್ಷಿಣದಿಂದ ಬಂದ ಮರಳು ತಡೆಗೋಡೆಯ ಬಳಿ ನಿಂತು, ವರ್ಷದಿಂದ ವರ್ಷಕ್ಕೆ ದಡ ಮುಂದಕ್ಕೆ ಬೆಳೆಯಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅಲ್ಲಿ ವಾಯುವಿಹಾರದ ದಾರಿ ಮಾಡಿಸಿ 'ಮರೀನಾ' ಎಂದು ಹೆಸರಿಟ್ಟರು. ಮರಳು ಅಲ್ಲಿಗೂ ನಿಲ್ಲದೆ ಬಂದರಿನ ಬಾಗಿಲಿಗೇ ಬಂದು ಸೇರತೊಡಗಿತು. ಮುಂದೆ ಪೋರ್ಟ್ ಟ್ರಸ್ಟ್ ಅಧ್ಯಕ್ಷರಾದ ಫ್ರಾನ್ಸಿಸ್ ಸ್ಪ್ರಿಂಗ್ ಪೂರ್ವದ ಬಾಗಿಲನ್ನು ಮುಚ್ಚಿಸಿ ಈಶಾನ್ಯಕ್ಕೆ ಹೊಸ ಬಾಗಿಲು ತೆರೆಸಿದರು. ಗಣಿತಜ್ಞ ರಾಮಾನುಜನ್ 1912ರಲ್ಲಿ ಗುಮಾಸ್ತರಾಗಿ ಸೇರಿದ್ದು ಇವರ ಕಚೇರಿಗೇ.

ದಕ್ಷಿಣಕ್ಕೆ ಸಿಕ್ಕಿದ್ದು ಉತ್ತರಕ್ಕೆ ಸಿಗಬೇಕಾಗಿದ್ದ ಮರಳು. ಬಂದರಿನ ಆಚೆ ರಾಯಪುರಂ, ಕಾಸಿಮೇಡು, ತಿರುವೊಟ್ಟಿಯೂರಿನ ದಡಕ್ಕೆ ಬರುವ ಮರಳು ನಿಂತುಹೋಯಿತು. ಅಲೆ ಮಾತ್ರ ಎಂದಿನಂತೆ ಇದ್ದುದನ್ನು ಒಯ್ಯುತ್ತಲೇ ಇತ್ತು. ಒಂದು ಕಡೆ ನಗರಕ್ಕೆ ವಿಹಾರತಾಣ ಸಿಕ್ಕಿತು, ಇನ್ನೊಂದು ಕಡೆ ಮೀನುಗಾರರ ಕುಪ್ಪಂಗಳು ನೆಲ ಕಳೆದುಕೊಂಡವು. ದಡ ಹೋದರೆ ದೋಣಿ ಎಳೆದಿಡಲು, ಬಲೆ ಹರಡಲು ಜಾಗವಿಲ್ಲ. ಹೆಂಗಸರಿಗೆ ಮೀನು ಒಣಗಿಸುವ ಅಂಗಳವೇ ಇಲ್ಲ. ಅವರ ಸಂಪಾದನೆಗೆ ಈ ಮರಳೇ ಆಧಾರ. ಉಳಿದ ನೆಲವನ್ನು ಕಾಯಲು ಬಂಡೆಕಲ್ಲು ಸುರಿದರು. ಬಂಡೆ ರಸ್ತೆಯನ್ನು ಉಳಿಸಬಹುದು, ಮರಳನ್ನು ಮರಳಿ ತರಲಾರದು.

ಈ ಪಾಠ ಕಲಿತಿದ್ದರೂ ಮರೆತದ್ದೇ ಹೆಚ್ಚು. ಪುದುಚೇರಿಯಲ್ಲಿ 1980ರ ದಶಕದಲ್ಲಿ ಹೊಸ ಬಂದರಿನ ತಡೆಗೋಡೆಗಳು ಬಂದ ಮೇಲೆ ಅದರ ಉತ್ತರಕ್ಕಿದ್ದ ನಗರದ ಬೀಚು ಕರಗಿ ಕಲ್ಲುರಾಶಿ ಉಳಿಯಿತು. ಇತ್ತೀಚೆಗೆ ನೀರೊಳಗೆ ಕೃತಕ ದಿಬ್ಬ ಕಟ್ಟಿದ ನಂತರ ಸ್ವಲ್ಪ ಮರಳು ಹಿಂದಿರುಗಿದೆ.

ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಮಳೆಗಾಲದ ಅಲೆ ಒಯ್ದ ಮರಳು ಬೇಸಿಗೆಯ ಹೊತ್ತಿಗೆ ಸಾಕಷ್ಟು ಮರಳಿ ಬರುವುದುಂಟು. ಆದರೆ ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿ ತಡೆಗೋಡೆಗಳು ಬಂದು ಮರಳಿನ ಚಲನೆ ಬದಲಾದ ಮೇಲೆ, ರಾಣಿ ಅಬ್ಬಕ್ಕನ ಉಳ್ಳಾಲ ಕಡಲ್ಕೊರೆತಕ್ಕೆ ಹೆಸರಾಯಿತು. ಕಡಲಿಗೆ ಬಿದ್ದ ಮನೆ, ತೆಂಗಿನ ಮರಗಳ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ.

ಬಂದರು ಬೇಡ ಎನ್ನಲಾಗದು. ಮದ್ರಾಸ್ ದೊಡ್ಡ ನಗರವಾಗಿ ಬೆಳೆದದ್ದರಲ್ಲಿ ಬಂದರಿನ ಪಾಲು ದೊಡ್ಡದು. ದಕ್ಷಿಣ ಕನ್ನಡ, ಬಳ್ಳಾರಿಗಳು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಓದಿಗೂ ನೌಕರಿಗೂ ಕನ್ನಡಿಗರು ಇಲ್ಲಿಗೆ ಬಂದರು. ಆದರೆ ಗೋಡೆಯ ಒಂದು ಬದಿಯಲ್ಲಿ ಸೇರುವ ಮರಳನ್ನು ಇನ್ನೊಂದು ಬದಿಗೆ ಸಾಗಿಸುವ ಉಪಾಯ ಇಂದು ಎಂಜಿನಿಯರುಗಳಿಗೆ ಗೊತ್ತಿದೆ. ಅದರ ಖರ್ಚನ್ನು ಬಂದರಿನ ಖರ್ಚಿನಲ್ಲೇ ಸೇರಿಸಬೇಕು. ಇಲ್ಲವಾದರೆ ಆ ಖರ್ಚನ್ನು ಆಚೆ ದಡದ ಬಡವರು ಮನೆ ಕಳೆದುಕೊಂಡು ತೆರಬೇಕಾಗುತ್ತದೆ. ಹೊಸ ಬಂದರಿನ ಸುದ್ದಿ ಓದಿದಾಗ ಎಷ್ಟು ಕೋಟಿಯ ಯೋಜನೆ ಎಂದು ಕೇಳುವುದರ ಜೊತೆಗೆ, ಅಲ್ಲಿ ಮರಳು ಯಾವ ಕಡೆಗೆ ನಡೆಯುತ್ತದೆ, ಆ ಕಡೆ ಯಾರ ಮನೆಗಳಿವೆ ಎಂದೂ ನಾವು ಕೇಳೋಣ.