ಆದವಾನಿ ಸೀಮೆಯಿಂದ ಬಿ.ಎಸ್ಸಿ. ನರ್ಸಿಂಗ್: ಅರ್ಜಿ, ಸೀಟು, ಕಾಲೇಜಿನ ಆಯ್ಕೆ

ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿರುವ ಆದವಾನಿ, ಆಲೂರು, ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡವಾಗಿದ್ದು ಕಚೇರಿಯ ಮಾತು ತೆಲುಗಾಗಿರುವ ಕುಟುಂಬಗಳು ಬಹಳ. ಇಂಥ ಮನೆಯ ಹುಡುಗಿಯೋ ಹುಡುಗನೋ ನರ್ಸಿಂಗ್ ಪದವಿ ಓದಬೇಕೆಂದರೆ ಎದುರಿಗೆ ಎರಡು ರಾಜ್ಯಗಳ ನಿಯಮಗಳು ನಿಲ್ಲುತ್ತವೆ. ಯಾವ ಕಡೆಯ ಬಾಗಿಲು ತೆರೆಯುತ್ತದೆ ಎಂಬುದು ಬಹುಪಾಲು ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಹೆಚ್ಚಿನ ಮನೆಗಳಲ್ಲಿ ಇದು ಗೊತ್ತಾಗುವುದು ಎರಡು ವರ್ಷ ತಡವಾಗಿ.

ಗಡಿ ಬಂದದ್ದು ಹೇಗೆ

1953ರ ಅಕ್ಟೋಬರ್ 1ರವರೆಗೆ ಆದವಾನಿ ಮತ್ತು ಆಲೂರು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅಂದು ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ನಕ್ಷೆಯಲ್ಲಿ ಗೆರೆ ಬಿದ್ದರೂ ಬೀಗತನ ನಿಲ್ಲಲಿಲ್ಲ. ಸಿರುಗುಪ್ಪದಿಂದ ಆದವಾನಿಗೆ ಸೊಸೆ ಬರುತ್ತಾಳೆ, ಕೌತಾಳದ ಮಗಳು ಬಳ್ಳಾರಿಗೆ ಹೋಗುತ್ತಾಳೆ. ಕಾಯಿಲೆ ಬಿದ್ದಾಗಲೂ ಹಾಗೆಯೇ. ಬಳ್ಳಾರಿಯಾಗಲಿ, ರೈಲಿನಲ್ಲಿ ಹೋಗುವ ರಾಯಚೂರಾಗಲಿ ಆದವಾನಿಗೆ ಕರ್ನೂಲಿಗಿಂತ ಹತ್ತಿರ. ಆದರೆ ಆಸ್ಪತ್ರೆಗೆ ಹೋಗುವಷ್ಟು ಸಲೀಸಾಗಿ ಅಲ್ಲಿನ ಕಾಲೇಜಿಗೆ ಹೋಗಲಾಗುವುದಿಲ್ಲ.

ಆದವಾನಿಗೇ ಒಂದು ವೈದ್ಯಕೀಯ ಕಾಲೇಜು ಮಂಜೂರಾಗಿದೆ. ಅದು ಪೂರ್ತಿ ನಡೆಯತೊಡಗಿದರೆ ಈ ಸೀಮೆಯ ನರ್ಸಿಂಗ್ ಶಿಕ್ಷಣದ ಚಿತ್ರವೂ ಬದಲಾದೀತು.

ಎಎನ್‌ಎಂ, ಜಿಎನ್‌ಎಂ, ಬಿ.ಎಸ್ಸಿ.

ನರ್ಸಿಂಗ್ ಎಂದರೆ ಒಂದೇ ಕೋರ್ಸ್ ಅಲ್ಲ. ಎಎನ್‌ಎಂ ಎರಡು ವರ್ಷದ್ದು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯ ಕೆಲಸಕ್ಕೆ ಅದು ದಾರಿ. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಇಂಟರ್ ಅಥವಾ ಪಿಯುಸಿಯಲ್ಲಿ ಕಲೆ, ವಾಣಿಜ್ಯ ಓದಿದವರೂ ಇದಕ್ಕೆ ಸೇರಬಹುದು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್ ಮಾಡಿ ಪದವೀಧರರಾಗಬಹುದು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಭಾರತದಲ್ಲಿ ಈ ಪದವಿ ಮೊದಲಾದದ್ದು 1946ರಲ್ಲಿ, ದೆಹಲಿಯಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ. ಮರುವರ್ಷ ಬಂದ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ ದೇಶಕ್ಕೆಲ್ಲ ಒಂದೇ ಪಠ್ಯದ ಅಳತೆ ಕೊಟ್ಟಿತು.

ಪದವಿಗೂ ಡಿಪ್ಲೊಮಾಕ್ಕೂ ನಿಜವಾದ ಅಂತರ ಕಾಣುವುದು ಕೆಲಸ ಹುಡುಕುವಾಗ. ಆಂಧ್ರದ ಹಳ್ಳಿ ಆರೋಗ್ಯ ಕೇಂದ್ರಗಳಲ್ಲಿ ಎಂಎಲ್‌ಎಚ್‌ಪಿ (ಮಧ್ಯಮ ಹಂತದ ಆರೋಗ್ಯ ಸೇವಾದಾರ) ಹುದ್ದೆಗೆ ಬಿ.ಎಸ್ಸಿ. ನರ್ಸಿಂಗ್ ಬೇಕು. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಪರೀಕ್ಷೆಗೆ ಬಿ.ಎಸ್ಸಿ. ಮುಗಿಸಿದವರು ನೇರವಾಗಿ ಕೂರಬಹುದು. ಜಿಎನ್‌ಎಂ ಮಾಡಿದವರಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಆದರೂ ಮನೆಯ ಪರಿಸ್ಥಿತಿ ಮೂರು ವರ್ಷಕ್ಕಷ್ಟೇ ಬಿಡುವು ಕೊಡುವಂತಿದ್ದರೆ, ಒಳ್ಳೆಯ ಆಸ್ಪತ್ರೆಯಿರುವ ಜಿಎನ್‌ಎಂ ಶಾಲೆ, ರೋಗಿಗಳೇ ಇಲ್ಲದ ಪದವಿ ಕಾಲೇಜಿಗಿಂತ ಎಷ್ಟೋ ವಾಸಿ.

ಯಾರು ಅರ್ಹರು

ಬಿ.ಎಸ್ಸಿ.ಗೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಒಟ್ಟು ಶೇ. 45 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಸಾಕು. ಇಂಗ್ಲಿಷಿನಲ್ಲಿ ಪಾಸಾಗಿರಲೇಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಈ ಮೂರು ವಿಜ್ಞಾನ ವಿಷಯಗಳ ಗುಂಪಾದ ಬೈಪಿಸಿಗೆ ಬಂದ ಮಕ್ಕಳು ಎಡವುವುದು ಈ ಕೊನೆಯ ವಿಷಯದಲ್ಲಿ. ಜೀವಶಾಸ್ತ್ರದಲ್ಲಿ ಚುರುಕಾಗಿರುವವರೂ ಇಂಗ್ಲಿಷನ್ನು ಕಡೆಗಣಿಸಿ ವರ್ಷ ಕಳೆದುಕೊಳ್ಳುತ್ತಾರೆ. ನರ್ಸಿಂಗ್ ಪಾಠ, ಪರೀಕ್ಷೆ, ರೋಗಿಯ ಕೇಸ್ ಶೀಟ್ ಎಲ್ಲವೂ ಇಂಗ್ಲಿಷಿನಲ್ಲೇ ಇರುವುದರಿಂದ ಆ ಒಂದು ವಿಷಯಕ್ಕೆ ಮೊದಲ ದಿನದಿಂದಲೇ ಸಮಯ ಕೊಡಬೇಕು.

ಹತ್ತರ ನಂತರ: ಆದವಾನಿಯಲ್ಲಿ ಇಂಟರೋ, ಬಳ್ಳಾರಿಯಲ್ಲಿ ಪಿಯುಸಿಯೋ

ಇಡೀ ವಿಷಯದ ತಿರುಳು ಇಲ್ಲಿದೆ.

ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯಡಿ 1974ರಲ್ಲಿ ರಾಷ್ಟ್ರಪತಿಗಳ ಆದೇಶವೊಂದು ಬಂತು. ಅದರ ಪ್ರಕಾರ ಶೇ. 85 ಸೀಟುಗಳು ಸ್ಥಳೀಯರಿಗೆ, ಉಳಿದ ಶೇ. 15 ಮುಕ್ತ. ಕರ್ನೂಲು ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರಾಂತಕ್ಕೆ ಸೇರಿದೆ. ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಒಂದೇ ಸಮನೆ ನಾಲ್ಕು ವರ್ಷ ಈ ಪ್ರಾಂತದಲ್ಲಿ ಓದಿದ್ದರೆ ಆ ವಿದ್ಯಾರ್ಥಿ ಸ್ಥಳೀಯ. ಅಂದರೆ ಒಂಬತ್ತು, ಹತ್ತು, ಇಂಟರ್‌ನ ಎರಡು ವರ್ಷ. ಹತ್ತು ಮುಗಿಸಿ ಬಳ್ಳಾರಿಗೆ ಹೋಗಿ ಪಿಯುಸಿ ಸೇರಿದ ಆದವಾನಿಯ ಹುಡುಗಿಗೆ ಈ ಲೆಕ್ಕ ಕೂಡುವುದಿಲ್ಲ. ತಂದೆ ಅಥವಾ ತಾಯಿ ರಾಜ್ಯದಲ್ಲಿ 10 ವರ್ಷ ವಾಸವಿದ್ದ ಆಧಾರದ ಮೇಲೆ ಆಕೆ ಶೇ. 15ರ ಮುಕ್ತ ಸೀಟಿಗೆ ಪೈಪೋಟಿ ನಡೆಸಬೇಕಾಗುತ್ತದೆ. ಹುಟ್ಟಿದ ಊರಲ್ಲೇ ಹೊರಗಿನವಳಾಗುವ ಪರಿಸ್ಥಿತಿ ಅದು.

ಹಾಗೆಂದು ಬಳ್ಳಾರಿಯ ದಾರಿ ಬರಿದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಕೇಳುವುದು ಕರ್ನಾಟಕದಲ್ಲಿ ಏಳು ವರ್ಷದ ಓದು. ಅದಿಲ್ಲದವರಿಗೆ ಇನ್ನೊಂದು ಕಲಂ ಇದೆ: ವಿದ್ಯಾರ್ಥಿ ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿರಬೇಕು, ತಂದೆ ತಾಯಿಯರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಸಿರುಗುಪ್ಪದ ಶಾಲೆಯಲ್ಲಿ ಒಂದರಿಂದ ಏಳರವರೆಗೆ ಓದಿ ಆದವಾನಿಗೆ ಮದುವೆಯಾಗಿ ಬಂದ ತಾಯಂದಿರು ಈ ಸೀಮೆಯಲ್ಲಿ ಎಷ್ಟಿಲ್ಲ! ಆ ತಾಯಿಯ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ ಮಗಳ ಸೀಟಿಗೆ ಆಧಾರ. ಶಾಲೆಯ ದಾಖಲೆ ಪುಸ್ತಕದಲ್ಲಿರುವ ತವರಿನ ಹೆಸರಿಗೂ ಇವತ್ತಿನ ಆಧಾರ್ ಕಾರ್ಡಿನ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಅದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು. ಪಿಯುಸಿ ಸೇರಿಸುವ ಮೊದಲೇ ಆ ಶಾಲೆಗೊಮ್ಮೆ ಹೋಗಿಬರಬೇಕು.

ಗಡಿನಾಡ ಕನ್ನಡಿಗರಿಗೂ ಕೆಇಎಯಲ್ಲಿ ಪ್ರತ್ಯೇಕ ಕಲಂ ಇದೆ, ಕನ್ನಡ ಭಾಷಾ ಪರೀಕ್ಷೆಯೂ ಇದೆ. ಆದರೆ ಆ ಕಲಂ ತಾಲ್ಲೂಕುಗಳನ್ನು ಹೆಸರು ಹಿಡಿದು ಹೇಳುತ್ತದೆ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಗಡಿಯಲ್ಲಿದ್ದೇವೆ ಎಂಬಷ್ಟರಿಂದಲೇ ಸೀಟು ಸಿಗುತ್ತದೆಂದು ಆದವಾನಿಯವರು ನಂಬಿ ಕೂರಬಾರದು. ಆಯಾ ವರ್ಷದ ಕೈಪಿಡಿಯಲ್ಲಿ ತಮ್ಮ ತಾಲ್ಲೂಕಿನ ಹೆಸರನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು. ಬಳ್ಳಾರಿ ಜಿಲ್ಲೆಯಿಂದ ಕತ್ತರಿಸಿಹೋದ ತಾಲ್ಲೂಕುಗಳ ಮಕ್ಕಳಿಗೂ ಇಂಥದೊಂದು ಬಾಗಿಲು ಇರಬೇಕೆಂಬುದು ನ್ಯಾಯವಾದ ಬೇಡಿಕೆ.

ಸುಗ್ಗಿ ವಲಸೆ ಮತ್ತು ಸ್ಟಡಿ ಸರ್ಟಿಫಿಕೇಟ್

ಕೋಸಿಗಿ, ಕೌತಾಳಂ, ಮಂತ್ರಾಲಯ ಕಡೆಯ ಬಡ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿಗೆ ಸುಗ್ಗಿಗೆ ಹೋಗುತ್ತವೆ. ಮಕ್ಕಳೂ ಹಿಂದೆಯೇ. ಗುಂಟೂರು ಆಂಧ್ರ ವಿಶ್ವವಿದ್ಯಾಲಯದ ಪ್ರಾಂತ. ಒಂಬತ್ತೋ ಹತ್ತೋ ತರಗತಿಯಲ್ಲಿ ಮಗು ಅಲ್ಲಿನ ಶಾಲೆಗೆ ದಾಖಲಾದರೆ ನಾಲ್ಕು ವರ್ಷದ ಸರಪಳಿ ಕಡಿಯಬಹುದು. ಆಗ ಕೈಹಿಡಿಯುವುದು ಏಳು ವರ್ಷದ ನಿಯಮ: ರಾಜ್ಯದೊಳಗೆ ಸತತ ಏಳು ವರ್ಷ ಓದಿದ್ದರೆ, ಯಾವ ಪ್ರಾಂತದಲ್ಲಿ ಹೆಚ್ಚು ವರ್ಷ ಕಳೆದಿದ್ದಾರೋ ಅಲ್ಲಿನ ಸ್ಥಳೀಯರೆಂದು ಎಣಿಸುತ್ತಾರೆ. ಹಾಗಾಗಿ ಆರನೇ ತರಗತಿಯಿಂದ ಇಂಟರ್‌ವರೆಗೆ ಪ್ರತಿ ವರ್ಷದ ಸ್ಟಡಿ ಸರ್ಟಿಫಿಕೇಟನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮಗುವನ್ನು ಊರಿನ ಹಾಸ್ಟೆಲ್ಲಿನಲ್ಲೋ ಅಜ್ಜಿಯ ಹತ್ತಿರವೋ ಬಿಟ್ಟುಹೋಗುವ ತಾಯಿ ತಂದೆಯರು ಆ ಮಗುವಿನ ಮುಂದಿನ ಓದಿಗೆ ಮಾಡುವ ಉಪಕಾರ ದೊಡ್ಡದು.

ಜಾತಿ ಪ್ರಮಾಣಪತ್ರದ ವಿಷಯದಲ್ಲೂ ಗಡಿ ಅಡ್ಡ ಬರುತ್ತದೆ. ಇಲ್ಲಿನ ವಾಲ್ಮೀಕಿ ಬೋಯರು ಆಂಧ್ರದ ಬಯಲುಸೀಮೆಯಲ್ಲಿ ಬಿಸಿ-ಎ. ಗಡಿಯಾಚೆ ಅದೇ ನಂಟಸ್ತಿಕೆಯ ನಾಯಕರು ಪರಿಶಿಷ್ಟ ಪಂಗಡ. ಆಂಧ್ರದ ಪ್ರಮಾಣಪತ್ರ ಕರ್ನಾಟಕದ ಮೀಸಲಾತಿಗೆ ನಡೆಯುವುದಿಲ್ಲ. ಬಳ್ಳಾರಿಯಲ್ಲಿ ಪಿಯುಸಿ ಓದಿಸಿ ಕೆಇಎ ಸೀಟಿಗೆ ಹೋಗುವವರು ಸಾಮಾನ್ಯ ವರ್ಗದ ರ‍್ಯಾಂಕಿನಲ್ಲೇ ಗೆಲ್ಲಬೇಕಾದೀತು ಎಂದು ಲೆಕ್ಕ ಹಾಕಿಕೊಂಡಿರಬೇಕು.

ಪರೀಕ್ಷೆಗಳು

ಆಂಧ್ರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶ ಈಚಿನ ವರ್ಷಗಳಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಇಎಪಿಸೆಟ್‌ನ ಬೈಪಿಸಿ ರ‍್ಯಾಂಕಿಗೆ ಸೇರಿದೆ. ಮೂರು ಗಂಟೆ, 160 ಪ್ರಶ್ನೆ. ಅದರಲ್ಲಿ 80 ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಗಳು ಇಂಗ್ಲಿಷ್ ಮತ್ತು ತೆಲುಗಿನಲ್ಲಿರುತ್ತವೆ, ಕನ್ನಡದಲ್ಲಿಲ್ಲ. ಕರ್ನಾಟಕದ ಸಿಇಟಿಗೂ ದೇಶಮಟ್ಟದ ನೀಟ್‌ಗೂ ಕನ್ನಡದ ಪ್ರಶ್ನೆಪತ್ರಿಕೆ ಸಿಗುತ್ತದೆ. ಕರ್ನಾಟಕದಲ್ಲಿ ನರ್ಸಿಂಗ್ ಸೀಟು ಸಿಇಟಿಯ ವ್ಯಾಪ್ತಿಗೆ ಬಂದದ್ದು 2023ರಲ್ಲಿ.

ಇಎಪಿಸೆಟ್ ಬರೆದ ಮೇಲೆ ಕೆಲಸ ಮುಗಿಯಿತೆಂದು ಸುಮ್ಮನಾಗುವವರಿದ್ದಾರೆ. ಹಾಗಲ್ಲ. ಸೀಟು ಹಂಚುವುದು ವಿಜಯವಾಡದ ಡಾ. ಎನ್‌ಟಿಆರ್ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದು ಹೊರಡಿಸುವ ಅಧಿಸೂಚನೆ ನೋಡಿ ಮತ್ತೊಮ್ಮೆ ಆನ್‌ಲೈನ್ ಅರ್ಜಿ ಹಾಕಿ, ಪ್ರಮಾಣಪತ್ರಗಳನ್ನು ಏರಿಸಿ, ಆಮೇಲೆ ಕಾಲೇಜುಗಳ ಆಯ್ಕೆಯ ವೆಬ್ ಆಪ್ಷನ್ ಕೊಡಬೇಕು. ರ‍್ಯಾಂಕ್ ಇದ್ದೂ ಈ ಎರಡನೇ ಅರ್ಜಿ ಹಾಕದೆ ಸೀಟು ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ಸಂಗತಿ. ಆಪ್ಷನ್‌ಗಳನ್ನು ತಮಗೆ ಬೇಕಾದ ಕ್ರಮದಲ್ಲೇ ಕೊಡಬೇಕು. ಸಿಗಲಾರದು ಎಂಬ ಅಂಜಿಕೆಯಿಂದ ಸರ್ಕಾರಿ ಕಾಲೇಜನ್ನು ಕೆಳಗೆ ಹಾಕಿದರೆ ಮೇಲೆ ಹಾಕಿದ ಖಾಸಗಿ ಕಾಲೇಜೇ ಗಂಟುಬೀಳುತ್ತದೆ.

ಜೀವಶಾಸ್ತ್ರದಲ್ಲಿ ಗಟ್ಟಿಯಾಗಿರುವವರು ಇನ್ನೂ ಮೂರು ಬಾಗಿಲು ತಟ್ಟಿ ನೋಡಬಹುದು. ಏಮ್ಸ್‌ಗಳ ಬಿ.ಎಸ್ಸಿ. ಆನರ್ಸ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ. ಇದಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 55 ಅಂಕ ಬೇಕು, ಮಂಗಳಗಿರಿಯ ಏಮ್ಸ್ ಆಂಧ್ರದಲ್ಲೇ ಇದೆ. ಪುದುಚೇರಿಯ ಜಿಪ್ಮರ್ ನೀಟ್ ಅಂಕ ನೋಡುತ್ತದೆ. ಸೇನೆಯ ನರ್ಸಿಂಗ್ ಕಾಲೇಜುಗಳೂ ಹಾಗೆಯೇ: ಆರು ಕಾಲೇಜುಗಳಲ್ಲಿ 220 ಸೀಟು, ಅವಿವಾಹಿತ ಹೆಣ್ಣುಮಕ್ಕಳಿಗೆ ಮಾತ್ರ, ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ. ಅಲ್ಲಿ ಓದಿಗೆ ಖರ್ಚಿಲ್ಲ, ಓದಿದ ಮೇಲೆ ಸೇನೆಯಲ್ಲಿ ಸೇವೆ ಸಲ್ಲಿಸುವ ಕರಾರು ಇದೆ. ಬಾಲ್ಯವಿವಾಹ ಇನ್ನೂ ಪೂರ್ತಿ ನಿಲ್ಲದ ಈ ಸೀಮೆಯಲ್ಲಿ ಅಂಥ ಒಂದು ಸೀಟು ಹುಡುಗಿಯ ಬದುಕಿನ ದಿಕ್ಕನ್ನೇ ತಿರುಗಿಸಬಲ್ಲದು.

ಕಾಲೇಜನ್ನು ನೋಡುವುದು ಹೇಗೆ

ಕರ್ನೂಲಿನ ಸರ್ಕಾರಿ ಜನರಲ್ ಆಸ್ಪತ್ರೆ, ಹಿಂದೆ ವಿಮ್ಸ್ ಎಂದು ಹೆಸರಾಗಿದ್ದ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ, ರಾಯಚೂರಿನ ರಿಮ್ಸ್: ಈ ಮೂರೂ ಕಡೆ ಸುತ್ತಲಿನ ಜಿಲ್ಲೆಗಳ ಬಡರೋಗಿಗಳು ತುಂಬಿರುತ್ತಾರೆ. ನರ್ಸಿಂಗ್ ಕಲಿಯುವವರಿಗೆ ಬೇಕಾದದ್ದು ಅದೇ. ಹೆರಿಗೆ, ಸುಟ್ಟಗಾಯ, ಹಾವು ಕಡಿತ, ಮಗುವಿನ ನ್ಯುಮೋನಿಯಾ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಇವೆಲ್ಲ ಕಣ್ಣಮುಂದೆ ಬಂದರೇನೇ ಕೈ ಪಳಗುತ್ತದೆ. ನಿಯಮವೂ ಇದನ್ನೇ ಹೇಳುತ್ತದೆ: ಪದವಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆಯ ಆಸರೆ ಇರಬೇಕು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರಿರಬೇಕು. ತರಗತಿಗೆ ಶೇ. 80 ಹಾಜರಿ ಸಾಕು. ವಾರ್ಡಿನ ಕೆಲಸಕ್ಕೆ ಪದವಿ ಕೈಗೆ ಬರುವ ಮೊದಲು ಶೇ. 100 ಆಗಲೇಬೇಕು.

ಹಾಜರಿಯ ಚಿಂತೆಯೇ ಬೇಡ, ಪರೀಕ್ಷೆಗೆ ಬಂದರೆ ಸಾಕು ಎಂದು ಭರವಸೆ ಕೊಡುವ ಏಜೆಂಟರು ಫಲಿತಾಂಶದ ದಿನಗಳಲ್ಲಿ ಊರೂರಿಗೆ ಬರುತ್ತಾರೆ. ಅವರು ತೋರಿಸುವುದು ಕಟ್ಟಡದ ಚಿತ್ರ. ತಾಯಿ ತಂದೆಯರು ನೋಡಬೇಕಾದದ್ದು ಬೇರೆ. ಬೆಳಗ್ಗೆ ಎಂಟು ಗಂಟೆಗೆ ಕಾಲೇಜಿನ ಆಸ್ಪತ್ರೆಯ ಜನರಲ್ ವಾರ್ಡಿಗೆ ಹೋಗಿ ನಿಲ್ಲಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ? ಸಮವಸ್ತ್ರದ ವಿದ್ಯಾರ್ಥಿನಿಯರು ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯುತ್ತಿದ್ದಾರೆಯೇ, ಪಕ್ಕದಲ್ಲಿ ಬೋಧಕಿ ನಿಂತಿದ್ದಾರೆಯೇ? ಆಮೇಲೆ ಕಾಲೇಜಿನ ಪ್ರಯೋಗಶಾಲೆ ಕೇಳಿ. ಇಂಜೆಕ್ಷನ್ ಕಲಿಸುವ ರಬ್ಬರ್ ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ತೂತು ಬಿದ್ದಿದ್ದರೆ ಅದು ಬಳಕೆಯಲ್ಲಿದೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಯೇ ಇಲ್ಲದಿದ್ದರೆ ಅದು ತನಿಖೆಗೆ ಬರುವವರಿಗಾಗಿ ಇಟ್ಟದ್ದು. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಗೇಟಿನ ಹೊರಗೆ ಮಾತಾಡಿಸಿ, ಇದುವರೆಗೆ ಎಷ್ಟು ಹೆರಿಗೆಗೆ ನೆರವಾಗಿದ್ದೀಯಮ್ಮ ಎಂದು ಕೇಳಿ. ಆ ಉತ್ತರಕ್ಕಿಂತ ದೊಡ್ಡ ಪ್ರಮಾಣಪತ್ರ ಇಲ್ಲ.

ಹಣದ ಲೆಕ್ಕ

ಸರ್ಕಾರದ ಶುಲ್ಕ ಮರುಪಾವತಿ ಸರ್ಕಾರಿ ಹಂಚಿಕೆಯ, ಅಂದರೆ ಕನ್ವೀನರ್ ಕೋಟಾದ, ಸೀಟಿಗೆ ಅನ್ವಯಿಸುತ್ತದೆ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡವರು ಅದನ್ನು ನೆಚ್ಚಿಕೊಂಡು ಸಾಲ ಮಾಡಬಾರದು. ಗಡಿ ದಾಟಿ ಕರ್ನಾಟಕದ ಖಾಸಗಿ ಕಾಲೇಜಿಗೆ ಸೇರುವವರಂತೂ ಪೂರ್ತಿ ಖರ್ಚು ತಮ್ಮದೇ ಎಂದುಕೊಂಡೇ ಹೊರಡಬೇಕು. ಮೊದಲ ವರ್ಷದ ಫೀಸು ಕೇಳಿ ಒಪ್ಪಿಕೊಳ್ಳಬೇಡಿ. ನಾಲ್ಕು ವರ್ಷದ ಒಟ್ಟು ಮೊತ್ತ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಸಮವಸ್ತ್ರ, ಆಸ್ಪತ್ರೆಗೆ ಓಡಾಡುವ ಬಸ್ಸಿನ ಖರ್ಚು, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮಧ್ಯದಲ್ಲಿ ಬಿಟ್ಟರೆ ಮೂಲ ಅಂಕಪಟ್ಟಿ ಯಾವಾಗ ಮರಳಿಸುತ್ತಾರೆ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.

ಓದು ಮುಗಿದ ಮೇಲೆ

ಪದವಿ ಬಂದ ಕೂಡಲೇ ಆಯಾ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನರ್ಸ್ ಮತ್ತು ಸೂಲಗಿತ್ತಿಯಾಗಿ ನೋಂದಣಿ ಮಾಡಿಸಬೇಕು. ಅದಿಲ್ಲದೆ ಕೆಲಸ ಮಾಡುವಂತಿಲ್ಲ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಓದಿದವರು ಮೊದಲು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಆದವಾನಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಬೇಕಿದ್ದರೆ ಆಂಧ್ರದ ಪರಿಷತ್ತಿನಲ್ಲೂ ನೋಂದಣಿ ಪಡೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಸರ್ಕಾರಿ ನೇಮಕಾತಿಯ ಪ್ರಕಟಣೆಗೆ ಕಾಯದೆ, ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ವಾರದಲ್ಲೇ ಮೊದಲ ಅರ್ಜಿ ಹಾಕಿಬಿಡಬೇಕು.